ಸರೋಜಾದೇವಿಯ ಐದು ಚಿತ್ರ, ಮೂರು ಊರಿನ ತಕರಾರು

ಬಿ. ಸರೋಜಾದೇವಿಯವರ ಚಿತ್ರಗಳಲ್ಲಿ ಯಾವುದು ಮೇಲು ಎಂದು ಯಳಂದೂರಿನ ಹಳೇ ತಲೆಗಳನ್ನು ಕೇಳಿದರೆ ಉತ್ತರಕ್ಕೆ ಕಾಯಬೇಕಿಲ್ಲ: ‘ಕಿತ್ತೂರು ಚೆನ್ನಮ್ಮ’. ಅದೇ ಪ್ರಶ್ನೆಯನ್ನು ಹದಿನೈದು ಕಿಲೋಮೀಟರ್ ಆಚೆಯ ಕೊಳ್ಳೇಗಾಲದಲ್ಲಿ ಹಾಕಿದರೆ ‘ಕನ್ನಡದ್ದಾ, ತಮಿಳಿಂದಾ?’ ಎಂಬ ಮರುಪ್ರಶ್ನೆ ಬರುತ್ತದೆ. ಹನೂರು ದಾಟಿ ಮಾದಪ್ಪನ ಬೆಟ್ಟದ ದಾರಿ ಹಿಡಿದರಂತೂ ಎಂ.ಜಿ.ಆರ್. ಚಿತ್ರಗಳ ಹೆಸರೇ ಮೊದಲು. ನಟಿ ಒಬ್ಬರೇ, ಊರು ಮೂರು, ಪಟ್ಟಿಯೂ ಮೂರು. ಈ ತಕರಾರನ್ನು ಬಗೆಹರಿಸುವ ಇರಾದೆ ಈ ವಾರದ ಅಂಕಣಕ್ಕಿಲ್ಲ. ಸಾಧ್ಯವಾದರೆ ಇನ್ನಷ್ಟು ಬೆಳೆಸಬೇಕು.

ತಕರಾರಿನ ಬೇರು ಭೂಪಟದಲ್ಲಿದೆ. ಯಳಂದೂರು ಮೈಸೂರು ಸಂಸ್ಥಾನದ ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ನೆಲ. ಅದಕ್ಕೆ ಅಂಟಿಕೊಂಡೇ ಇರುವ ಕೊಳ್ಳೇಗಾಲ ತಾಲ್ಲೂಕು, ಅಂದರೆ ಇಂದಿನ ಹನೂರು ತಾಲ್ಲೂಕೂ ಸೇರಿದಂತೆ, 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದು. ಕಚೇರಿ ಕಾಗದ ಕೊಯಮತ್ತೂರಿಗೆ ಹೋಗುತ್ತಿತ್ತು, ಮನೆಮಾತು ಕನ್ನಡವೇ ಆಗಿತ್ತು, ಕಿವಿಗೆ ಎರಡೂ ಭಾಷೆ ಒಗ್ಗಿತ್ತು. ಹಾಗಾಗಿ ಈ ಕಡೆಯ ಪ್ರೇಕ್ಷಕನಿಗೆ ತಮಿಳು ಚಿತ್ರವೆಂದರೆ ಪರಊರಿನ ನೆಂಟನಲ್ಲ, ಪಕ್ಕದ ಮನೆಯವನು.

ಈಗ ಸರೋಜಾದೇವಿಯವರ ಇಸವಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದರು. ಹುಡುಗಿಯ ಹಾಡು ಕೇಳಿ ಮೆಚ್ಚಿ ಚಿತ್ರರಂಗಕ್ಕೆ ಕರೆತಂದವರು ಹೊನ್ನಪ್ಪ ಭಾಗವತರು. ಮೊದಲ ಚಿತ್ರ ‘ಮಹಾಕವಿ ಕಾಳಿದಾಸ’, 1955. ಆಗ ಕೊಳ್ಳೇಗಾಲ ಇನ್ನೂ ಮದರಾಸಿನಲ್ಲಿತ್ತು. ಮೂರು ವರ್ಷ ಕಳೆಯುವುದರೊಳಗೆ, 1958ರಲ್ಲಿ, ಎಂ.ಜಿ.ಆರ್. ಸ್ವತಃ ನಿರ್ದೇಶಿಸಿದ ‘ನಾಡೋಡಿ ಮನ್ನನ್’ ಬಂತು. ಆ ಚಿತ್ರದ ಉತ್ತರಾರ್ಧದಲ್ಲಿ ರಾಜಕುಮಾರಿಯಾಗಿ ಕಾಣಿಸಿಕೊಂಡ ಸರೋಜಾದೇವಿ ಅಲ್ಲಿಂದ ಹಿಂದಿರುಗಿ ನೋಡಲಿಲ್ಲ. ಕೊಳ್ಳೇಗಾಲ ಮದರಾಸನ್ನು ಬಿಟ್ಟು ಬಂದ ಹೊತ್ತಿಗೆ ಸರಿಯಾಗಿ ಆಕೆ ಮದರಾಸಿಗೆ ಹೋದರು. ಎರಡು ಕಡೆಗೂ ಬೇಕಾದವರಾಗಿ ಉಳಿದರು. ತಮಿಳರು ‘ಕನ್ನಡದ ಗಿಳಿ’ ಎಂದರು, ನಾವು ‘ಅಭಿನಯ ಸರಸ್ವತಿ’ ಎಂದೆವು.

ಹಾಲಿವುಡ್ಡಿನ ಹಳೆಯ ನಟಿಯರ ಅಭಿಮಾನಿಗಳು ಹೀಗೆ ಪಟ್ಟಿ ಮಾಡುವುದರಲ್ಲಿ ನಿಸ್ಸೀಮರು. ಅವರಲ್ಲೂ ಹೆಚ್ಚು ಜಗಳ ಆಗುವುದು ಇನ್‌ಗ್ರಿಡ್ ಬರ್ಗ್‌ಮನ್ ವಿಷಯದಲ್ಲಿ. 1942ರ ‘ಕಾಸಾಬ್ಲಾಂಕಾ’ವನ್ನು ತಲೆಯ ಮೇಲೆ ಹೊತ್ತವರು ಒಂದು ಕಡೆ, 1978ರಲ್ಲಿ ತಾಯ್ನುಡಿ ಸ್ವೀಡಿಷ್‌ಗೆ ಮರಳಿ ಆಕೆ ನಟಿಸಿದ ‘ಆಟಮ್ ಸೊನಾಟಾ’ ಮುಂದೆ ಉಳಿದುದೆಲ್ಲ ಸಪ್ಪೆ ಎನ್ನುವವರು ಇನ್ನೊಂದು ಕಡೆ. ಹಲವು ಭಾಷೆಯ ನಟಿಯನ್ನು ಒಂದೇ ಭಾಷೆಯಲ್ಲಿ ನೋಡಿ ತೀರ್ಪು ಕೊಟ್ಟರೆ ಅದು ಅರ್ಧ ತೀರ್ಪು. ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ನಾಯಕಿಯಾಗಿ ನಿಂತ ಸರೋಜಾದೇವಿಗೂ ಈ ಮಾತು ಸಲ್ಲುತ್ತದೆ. ಆ ದೃಷ್ಟಿಯಿಂದ ಪಟ್ಟಿ ಮಾಡುವ ಹಕ್ಕು ಬೆಂಗಳೂರು, ಚೆನ್ನೈಗಳಿಗಿಂತ ಕೊಳ್ಳೇಗಾಲಕ್ಕೇ ಹೆಚ್ಚು.

ನನ್ನ ನಿಯಮ ಇಷ್ಟೇ. ಹಾಡು, ಸೀರೆ, ಮುಡಿ, ಕಣ್ಣಂಚಿನ ಕಾಡಿಗೆ ಇವಕ್ಕೆ ಅಂಕವಿಲ್ಲ. ಅವಕ್ಕೆ ಕೊಡಲು ಹೊರಟರೆ ಎಲ್ಲ ಚಿತ್ರಕ್ಕೂ ನೂರಕ್ಕೆ ನೂರು. ಎದುರಿಗಿರುವವರು ಮಾತಾಡುವಾಗ ಈಕೆ ಏನು ಮಾಡುತ್ತಾರೆ ಎನ್ನುವುದೇ ಪರೀಕ್ಷೆ.

ಐದನೆಯದು ‘ಅನ್ಬೇ ವಾ’ (1966). ಹನೂರು ಕಡೆಯವರಿಗೆ ನನ್ನ ಮೊದಲ ನಮಸ್ಕಾರ. ಎ.ವಿ.ಎಂ. ಸಂಸ್ಥೆಯ ಮೊದಲ ವರ್ಣಚಿತ್ರ, ನಿರ್ದೇಶನ ಎ.ಸಿ. ತಿರುಲೋಕಚಂದರ್ ಅವರದು. ಕಥೆಯ ಎಳೆ 1961ರ ಹಾಲಿವುಡ್ ಚಿತ್ರ ‘ಕಮ್ ಸೆಪ್ಟೆಂಬರ್’ನದು. ದುಡಿದು ದಣಿದ ಶ್ರೀಮಂತ ವಿಶ್ರಾಂತಿಗೆಂದು ಶಿಮ್ಲಾದ ತನ್ನ ಬಂಗಲೆಗೆ ಬಂದರೆ, ಅದನ್ನು ನೋಡಿಕೊಳ್ಳುವ ನಾಗೇಶ್ ಅಷ್ಟರಲ್ಲಿ ಬಾಡಿಗೆಗೆ ಕೊಟ್ಟಿರುತ್ತಾನೆ. ತನ್ನ ಮನೆಗೆ ತಾನೇ ಬಾಡಿಗೆ ಕಟ್ಟಿಕೊಂಡು ಇರುವ ಎಂ.ಜಿ.ಆರ್. ಅವರನ್ನು ಗೋಳುಹೊಯ್ದುಕೊಳ್ಳುವ ಗೀತಾ ಪಾತ್ರ ಸರೋಜಾದೇವಿಯವರದು. ಎಂ.ಜಿ.ಆರ್. ಎದುರು ನಿಂತ ನಾಯಕಿಯರಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಕೆಲಸ ಮೆಚ್ಚುವುದು, ನಾಚುವುದು. ಇಲ್ಲಿ ಜಗಳ ತೆಗೆಯುವ ಹಕ್ಕು ಸಿಕ್ಕಿದೆ, ಆಕೆ ಅದನ್ನು ಪೂರ್ತಿ ಬಳಸಿಕೊಂಡಿದ್ದಾರೆ. ಹಾಸ್ಯಕ್ಕೆ ಬೇಕಾದ ಲಯ ಈ ನಟಿಗೆ ಎಷ್ಟಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಆದರೆ ಒಳಗೆ ಇಳಿಯುವ ಚಿತ್ರವಲ್ಲ, ಅದಕ್ಕೇ ಐದು.

ನಾಲ್ಕನೆಯದು ‘ಕಲ್ಯಾಣ ಪರಿಸು’ (1959). ಶ್ರೀಧರ್ ನಿರ್ದೇಶನದ ಮೊದಲ ಚಿತ್ರ, ಜೆಮಿನಿ ಗಣೇಶನ್ ನಾಯಕ, ಎ.ಎಂ. ರಾಜಾ ಸಂಗೀತ. ತಾನು ಒಲಿದವನನ್ನೇ ಅಕ್ಕನೂ ಮೆಚ್ಚಿದ್ದಾಳೆ ಎಂದು ಗೊತ್ತಾದ ಮೇಲೆ ತಂಗಿ ವಸಂತಿ ಬಾಯಿ ಕಟ್ಟಿಕೊಂಡು ಸರಿದು ನಿಲ್ಲುತ್ತಾಳೆ. ತ್ಯಾಗದ ನಾಯಕಿಯರು ಆ ಕಾಲದಲ್ಲಿ ಬೀದಿಗೊಬ್ಬರಿದ್ದರು. ಸರೋಜಾದೇವಿ ಬೇರೆಯಾಗುವುದು ಅಳುವಿನ ಲೆಕ್ಕದಲ್ಲಿ: ಬೇರೆಯವರು ಅಳುವಲ್ಲಿ ಆಕೆ ಮನೆಗೆಲಸ ಮಾಡುತ್ತಾರೆ. ಅಕ್ಕ ಸಂತೋಷದಿಂದ ಮಾತಾಡುತ್ತಿರುವಾಗ ತಂಗಿಯ ಮುಖದಲ್ಲಿ ನಗು ಬಂದು, ನಿಂತು, ಸ್ವಲ್ಪ ಹೆಚ್ಚೇ ಹೊತ್ತು ಉಳಿದುಬಿಡುತ್ತದೆ. ಆ ಹೆಚ್ಚಾದ ಹೊತ್ತಿನಲ್ಲಿ ಎಲ್ಲ ಗೊತ್ತಾಗುತ್ತದೆ. ಇದೇ ಕಥೆ ತೆಲುಗಿಗೆ ‘ಪೆಳ್ಳಿ ಕಾನುಕ’ ಆಗಿ ಹೋದಾಗಲೂ ಆ ಪಾತ್ರಕ್ಕೆ ಇವರೇ ಬೇಕಾದರು.

ಮೂರನೆಯದು ‘ಕಿತ್ತೂರು ಚೆನ್ನಮ್ಮ’ (1961). ಯಳಂದೂರಿನವರು ಕಲ್ಲೆತ್ತುವ ಮುನ್ನ ಕೇಳಿ. ಬಿ.ಆರ್. ಪಂತುಲು ಅವರ ಈ ಚಿತ್ರವನ್ನು ಕೊಳ್ಳೇಗಾಲದ ಹಿರಿಯರು ನೋಡುವ ಬಗೆಯೇ ಬೇರೆ. ಅದಕ್ಕೆ ಎರಡು ವರ್ಷ ಮುಂಚೆ ಇದೇ ಪಂತುಲು ಶಿವಾಜಿ ಗಣೇಶನ್ ಅವರನ್ನಿಟ್ಟುಕೊಂಡು ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲಿ ಕಂಪನಿಯ ದೊರೆಯ ಮುಂದೆ ಕಪ್ಪ ಯಾಕೆ ಕೊಡಬೇಕು ಎಂದು ಕಟ್ಟಬೊಮ್ಮನ್ ಗುಡುಗುತ್ತಾನೆ. ಇಲ್ಲಿ ಚೆನ್ನಮ್ಮನೂ ಕಪ್ಪದ ಮಾತಿಗೇ ಸಿಡಿಯುತ್ತಾಳೆ. ಶಿವಾಜಿ ಮಾತನ್ನು ಸಿಡಿಲಿನಂತೆ ಎಸೆದರೆ ಇಪ್ಪತ್ಮೂರರ ಸರೋಜಾದೇವಿ ಅದನ್ನು ಮೊದಲು ತಣ್ಣಗೆ ಇಡುತ್ತಾರೆ. ಬೇಸಾಯ ಮಾಡಿದವರ ಲೆಕ್ಕ ಕೇಳುವ ಯಜಮಾನಿಯ ದನಿ ಅದು. ಸಿಟ್ಟು ಬರುವುದು ಆಮೇಲೆ. ಮಲ್ಲಸರ್ಜನಾಗಿ ರಾಜ್‌ಕುಮಾರ್, ರುದ್ರಮ್ಮನಾಗಿ ಲೀಲಾವತಿ ಇದ್ದರೂ ಚಿತ್ರ ನಿಂತಿರುವುದು ಚೆನ್ನಮ್ಮನ ಬೆನ್ನುಮೂಳೆಯ ಮೇಲೆ. ಈ ಭಾಗದ ಹಿರಿಯರೊಬ್ಬರು ಹೇಳಿದ ಮಾತು ನನಗೆ ಯಾವ ವಿಮರ್ಶೆಗಿಂತಲೂ ಇಷ್ಟ: ‘ಅಣ್ಣಾವ್ರು ಇದ್ರೂವೆ ಕಣ್ಣು ಹೋಗದು ಅವಮ್ಮನ ಮ್ಯಾಲೇ ಕನಪ್ಪ.’ ಹಾಗಾದರೆ ಮೂರನೇ ಸ್ಥಾನ ಯಾಕೆ? ಇದು ಮಾತಿನ ಚಿತ್ರ. ನನ್ನ ಪರೀಕ್ಷೆ ಮಾತು ನಿಂತ ಕಡೆಯದು.

ಎರಡನೆಯದು ‘ಮಲ್ಲಮ್ಮನ ಪವಾಡ’ (1969). ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಆಸ್ತಿಯ ಆಸೆಗೆ ಮಲಮಗನನ್ನು ಓದು ಬರಹ ಬಾರದಂತೆ ಬೆಳೆಸಿದ ಮಲತಾಯಿ ಆದವಾನಿ ಲಕ್ಷ್ಮೀದೇವಿ, ಆಕೆಯನ್ನೇ ದೇವರೆಂದು ನಂಬಿದ ಮುಗ್ಧ ಗಂಡ ರಾಜ್‌ಕುಮಾರ್, ನಡುವೆ ಕಾಲಿಡುವ ಓದಿದ ಸೊಸೆ ಮಲ್ಲಮ್ಮ. ಇದೇ ಕಥೆಯನ್ನು ಮುಂದಿನ ತಲೆಮಾರು ಹಿಂದಿಯ ‘ಬೇಟಾ’ದಲ್ಲೂ (1992) ಕನ್ನಡದ ‘ಅಣ್ಣಯ್ಯ’ದಲ್ಲೂ (1993) ನೋಡಿತು. ಆ ಚಿತ್ರಗಳಲ್ಲಿ ಸೊಸೆಗೆ ಸವಾಲು ಹಾಕುವ ಖದರು ಬಂತು. ಸರೋಜಾದೇವಿಯ ಮಲ್ಲಮ್ಮ ದನಿ ಎತ್ತುವುದೇ ಕಡಿಮೆ. ಅತ್ತೆಗೆ ಮರ್ಯಾದೆ ಕೊಡುತ್ತಲೇ ಅತ್ತೆಯ ಒಂದೊಂದೇ ಹೂಟವನ್ನು ಕೆಡಿಸುತ್ತಾಳೆ. ಅತ್ತೆ ಗಂಡನನ್ನು ಮುದ್ದಿಸುವಾಗ ಮಲ್ಲಮ್ಮನ ಕಣ್ಣು ನೋಡಿ: ಅಲ್ಲಿ ಹೊಟ್ಟೆಕಿಚ್ಚಿಲ್ಲ, ಲೆಕ್ಕಾಚಾರವಿದೆ, ಅದರ ಹಿಂದೆಯೇ ಗಂಡನ ಮೇಲಿನ ಮರುಕವೂ ಇದೆ. ಪುಟ್ಟಣ್ಣನವರ ಕ್ಯಾಮೆರಾ ಹತ್ತಿರ ಬಂದಾಗ ತಡೆದುಕೊಳ್ಳಬಲ್ಲ ಮುಖ ಇದು. ಕನ್ನಡದಲ್ಲಿ ಆಕೆಯ ಅತ್ಯುತ್ತಮ ಕೆಲಸ ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೊದಲನೆಯದು ‘ಪುದಿಯ ಪರವೈ’ (1964). ದಾದಾ ಮಿರಾಸಿ ನಿರ್ದೇಶನ, ಶಿವಾಜಿ ಫಿಲ್ಮ್ಸ್ ತಯಾರಿಕೆ, ವಿಶ್ವನಾಥನ್–ರಾಮಮೂರ್ತಿ ಸಂಗೀತ. ಮೂಲ ‘ಶೇಷ್ ಅಂಕ’ ಎಂಬ ಬಂಗಾಳಿ ಚಿತ್ರ. ಹೆಂಡತಿಯನ್ನು ಕಳೆದುಕೊಂಡ ಗೋಪಾಲನಿಗೆ (ಶಿವಾಜಿ) ಹಡಗಿನಲ್ಲಿ ಲತಾ (ಸರೋಜಾದೇವಿ) ಪರಿಚಯವಾಗುತ್ತಾಳೆ, ಪ್ರೀತಿ ಬೆಳೆಯುತ್ತದೆ, ಅಷ್ಟರಲ್ಲಿ ಸತ್ತ ಹೆಂಡತಿಯೇ ಎದುರು ಬಂದು ನಿಲ್ಲುತ್ತಾಳೆ. ಅರವತ್ತು ವರ್ಷ ದಾಟಿದ ಚಿತ್ರ, ಗುಟ್ಟು ಬಿಟ್ಟುಕೊಟ್ಟರೆ ತಪ್ಪಿಲ್ಲ: ಲತಾ ಪೊಲೀಸ್ ಇಲಾಖೆಯವಳು, ಪ್ರೀತಿಯೇ ಬಲೆ. ಕೊನೆಗೆ ಗೋಪಾಲ ತಪ್ಪೊಪ್ಪಿಕೊಂಡಾಗ ಬಲೆ ಬೀಸಿದವಳೇ ಬಲೆಯೊಳಗೆ ಬಿದ್ದಿದ್ದಾಳೆ ಎಂದೂ ತಿಳಿಯುತ್ತದೆ.

ಈ ಚಿತ್ರದಲ್ಲಿ ಆಕೆ ರಾಗವಾಗಿ ‘ಗೋಪಾಲ್’ ಎಂದು ಕರೆಯುವುದನ್ನು ಮಿಮಿಕ್ರಿಯವರು ಇಂದಿಗೂ ಬಿಟ್ಟಿಲ್ಲ. ಅಣಕಿಸುವವರು ಗಮನಿಸದ್ದೊಂದಿದೆ. ಆ ಅತಿ ಮುದ್ದು ಲತಾಳ ವೇಷದ ಭಾಗ. ಎರಡನೇ ಸಲ ನೋಡಿ: ಮೊದಲ ಸಲ ಪ್ರೇಯಸಿಯ ಬೆಡಗು ಎಂದು ಕಂಡದ್ದು ಈಗ ಡ್ಯೂಟಿಯಲ್ಲಿರುವ ಹೆಣ್ಣಿನ ಎಚ್ಚರ ಎಂದು ಕಾಣುತ್ತದೆ. ರೈಲಿನ ಸದ್ದಿಗೆ ಗೋಪಾಲ ಬೆಚ್ಚಿದಾಗ ಲತಾಳ ಮುಖದಲ್ಲಿ ಕನಿಕರವಿದೆ, ಆ ಕನಿಕರದೊಳಗೆ ಗುರುತು ಹಾಕಿಕೊಳ್ಳುವ ಕಣ್ಣೂ ಇದೆ. ಶಿವಾಜಿ ಕಂಬನಿ, ಬೆವರು, ನಡುಕ ಎಲ್ಲವನ್ನೂ ಹೊರಹಾಕುತ್ತಿದ್ದರೆ ಈಕೆ ಒಂದು ಮುಖದಲ್ಲಿ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಆ ಕಾಲದ ಯಾವ ನಾಯಕಿಗೂ ಇಷ್ಟು ಕಷ್ಟದ ಪಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ.

ಹೊರಗುಳಿದವರ ಪಟ್ಟಿಯೂ ಚಿಕ್ಕದಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964) ಬಣ್ಣಕ್ಕೆ ದೊಡ್ಡದು, ಆಕೆಯ ನಟನೆಗಲ್ಲ. ‘ಬಭ್ರುವಾಹನ’ದ (1977) ಚಿತ್ರಾಂಗದೆಯನ್ನು ಬಿಡುವಾಗ ಕೈ ನಡುಗಿತು. ಪುಟ್ಟಣ್ಣನವರ ‘ಕಥಾ ಸಂಗಮ’ದ (1976) ‘ಅತಿಥಿ’ ಭಾಗವನ್ನು ಆರನೆಯದೆಂದು ಬರೆದುಕೊಳ್ಳಬಹುದು. ದಿಲೀಪ್ ಕುಮಾರ್ ಜತೆಗಿನ ‘ಪೈಗಾಮ್’ (1959), ರಾಜೇಂದ್ರ ಕುಮಾರ್ ಜತೆಗಿನ ‘ಸಸುರಾಲ್’ (1961) ಚೆಂದವೇ, ಆದರೆ ಹಿಂದಿಯಲ್ಲಿ ಆಕೆಗೆ ಸಿಕ್ಕಿದ್ದು ಅರ್ಧ ಕೆಲಸ.

1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂತು. 2025ರ ಜುಲೈ 14ರಂದು ಬೆಂಗಳೂರಿನಲ್ಲಿ ತೀರಿಕೊಂಡು ಚನ್ನಪಟ್ಟಣ ತಾಲ್ಲೂಕಿನ ದಶವಾರದ ಮಣ್ಣು ಸೇರಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕರ್ನಾಟಕ ರತ್ನ ಘೋಷಿಸಿತು. ಗೌರವಕ್ಕೆ ಕೊರತೆಯಾಗಲಿಲ್ಲ, ಚಿತ್ರಗಳನ್ನು ಕೂತು ನೋಡುವವರಿಗೆ ಕೊರತೆ. ಆಟ ಶುರುವಾಗುವ ಮುನ್ನ ಸಿನಿಮಾ ಟೆಂಟಿನಲ್ಲಿ ಹಾಕುತ್ತಿದ್ದ ಘಂಟಸಾಲರ ವೆಂಕಟೇಶನ ಹಾಡು ಕೇಳಿ ಓಡಿದ ತಲೆಮಾರು ಈ ಮೂರು ಊರಿನಲ್ಲೂ ತೆಳುವಾಗುತ್ತಿದೆ. ಮನೆಯಲ್ಲಿ ಅಂಥ ಅಜ್ಜಿ ತಾತ ಇದ್ದರೆ ಅವರ ಐದು ಚಿತ್ರ ಯಾವುವು ಎಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ‘ಪುದಿಯ ಪರವೈ’, ‘ಮಲ್ಲಮ್ಮನ ಪವಾಡ’ ಎರಡನ್ನೂ ಒಂದರ ಹಿಂದೊಂದು ಅವರ ಜತೆ ಕೂತು ನೋಡಿ. ಚೆನ್ನಮ್ಮನನ್ನು ಮೂರನೆಯ ಸ್ಥಾನಕ್ಕೆ ಇಳಿಸಿದ್ದಕ್ಕೆ ನನ್ನನ್ನು ಬೈಯಬೇಕೆನಿಸಿದರೆ ಧಾರಾಳವಾಗಿ ಬೈಯಿರಿ. ನೋಡಿಯಾದ ಮೇಲೆ ಬೈಯಿರಿ.