ಸುಳಿ ಬಲ್ಲವರ ಬ್ಲೆಂಡರ್

ಭಾರಿ ಶಕ್ತಿಯ ಬ್ಲೆಂಡರ್ ಕೊಳ್ಳುವವರು ಮೊದಲು ಮೋಟಾರಿನ ವ್ಯಾಟ್ ಎಷ್ಟೆಂದು ನೋಡುತ್ತಾರಾದರೂ, ಈ ಯಂತ್ರದ ಗುಣವನ್ನು ನಿರ್ಧರಿಸುವುದು ಅದರ ಎತ್ತರದ ಜಾರಿನೊಳಗೆ ಏಳುವ ಸುಳಿ. ಪದಾರ್ಥವು ನಡುವಿನಿಂದ ಕೆಳಗಿಳಿದು ಬ್ಲೇಡಿಗೆ ಸಿಕ್ಕಿ, ಗೋಡೆಯ ಗುಂಟ ಮೇಲೇರಿ, ಮತ್ತೆ ನಡುವಿಗೆ ಬೀಳುವ ಈ ಚಲನೆ ನಿಂತರೆ, ಮೋಟಾರು ಎಷ್ಟೇ ಬಲಶಾಲಿಯಾಗಿದ್ದರೂ ತಳದ ಒಂದು ಹಿಡಿಯಷ್ಟು ಮಾತ್ರ ನುಣ್ಣಗಾಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಟೀಫನ್ ಪೊಪ್ಲಾವ್‌ಸ್ಕಿ 1922ರಲ್ಲಿ ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡನ್ನು ಅಳವಡಿಸಿದ್ದು ಸೋಡಾ ಅಂಗಡಿಗಳ ಪಾನೀಯಗಳಿಗಾಗಿ. 1937ರಲ್ಲಿ ವಾದ್ಯವೃಂದದ ನಾಯಕ ಫ್ರೆಡ್ ವೇರಿಂಗ್ ತನ್ನ ಬ್ಲೆಂಡರನ್ನು ಷಿಕಾಗೋದಲ್ಲಿ ಪ್ರದರ್ಶಿಸಿದ ಮೇಲೂ ಅದು ಬಹುಮಟ್ಟಿಗೆ ಪಾನೀಯದ ಯಂತ್ರವಾಗಿಯೇ ಉಳಿದಿತ್ತು. ಸೂಪು ಬಿಸಿಮಾಡುವ, ಕಾಳು ಬೀಸುವ, ಹಿಟ್ಟು ನಾದುವ ಕೆಲಸಗಳನ್ನೆಲ್ಲ ಒಂದೇ ಜಾರಿಗೆ ತಂದದ್ದು 1969ರ ವೈಟಾಮಿಕ್ಸ್ 3600.

ಹಣ್ಣು, ಸೊಪ್ಪು ಮತ್ತು ಮಂಜುಗಡ್ಡೆಯನ್ನು ಒಟ್ಟಿಗೆ ಅರೆದ ಗಟ್ಟಿ ಪಾನೀಯವಾದ ಸ್ಮೂದಿಗೆ ದ್ರವವನ್ನು ಮೊದಲು ಸುರಿದು, ಅದರ ಮೇಲೆ ಸೊಪ್ಪು ಹಾಗೂ ಮೆದು ಹಣ್ಣು, ಕೊನೆಗೆ ಹೆಪ್ಪುಗಟ್ಟಿದ ಹೋಳುಗಳನ್ನು ಹಾಕಿ, ವೇಗವನ್ನು ಹಂತಹಂತವಾಗಿ ಏರಿಸಬೇಕು. ಮಿಶ್ರಣ ಅತಿ ಗಟ್ಟಿಯಾದರೆ ಬ್ಲೇಡಿನ ಸುತ್ತ ಗಾಳಿಯ ಪೊಳ್ಳು ಉಂಟಾಗಿ ಅದು ಬರಿದೇ ತಿರುಗುವುದರಿಂದ, ಮುಚ್ಚಳದ ರಂಧ್ರದಲ್ಲಿ ಇಳಿಸಿದರೂ ಬ್ಲೇಡಿಗೆ ತಾಗದಷ್ಟು ಉದ್ದದ ಟ್ಯಾಂಪರ್ ಎಂಬ ಕೋಲಿನಿಂದ ಮಿಶ್ರಣವನ್ನು ಕೆಳಕ್ಕೆ ಒತ್ತಬೇಕಾಗುತ್ತದೆ.

ಯಂತ್ರದ ನಿಜವಾದ ಪರೀಕ್ಷೆ ಶೇಂಗಾ ಬೆಣ್ಣೆಯಲ್ಲಿದೆ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಆಗಿರುವುದರಿಂದ, ಹುರಿದ ಬೀಜ ಮೊದಲು ಪುಡಿಯಾಗಿ, ಬಳಿಕ ಮುದ್ದೆಗಟ್ಟಿ, ಜೀವಕೋಶಗಳು ಒಡೆದು ಎಣ್ಣೆ ಬಿಟ್ಟ ಮೇಲೆ ಹರಿಯತೊಡಗುತ್ತದೆ. ಮುದ್ದೆಯ ಹಂತದಲ್ಲಿ ತಾಳ್ಮೆಗೆಟ್ಟು ನೀರು ಚಿಮುಕಿಸಿದರೆ ಅದು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ. ಬಾದಾಮಿ ಹಾಲಿನ ಕ್ರಮ ಇದಕ್ಕೆ ತೀರ ವಿರುದ್ಧವಾಗಿದ್ದು, ರಾತ್ರಿ ನೆನೆಸಿದ ಬೀಜವನ್ನು ಧಾರಾಳ ನೀರಿನಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದರೆ ಸಾಕು.

ಒಲೆಯಿಲ್ಲದೆ ಸೂಪು ಬಿಸಿಯಾಗುವುದು ಘರ್ಷಣೆಯಿಂದ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 190 ಕಿಲೋಜೌಲ್ ಶಕ್ತಿ ಬೇಕು. ದ್ರವಕ್ಕೆ 600 ವ್ಯಾಟ್ ತಲುಪಿದರೆ ಐದಾರು ನಿಮಿಷಗಳಲ್ಲಿ ಅಷ್ಟು ಬಿಸಿ ಬರುತ್ತದೆ. ಆದರೆ ಬಿಸಿಯಾಗುವುದು ಬೇಯುವುದಲ್ಲವಾದ್ದರಿಂದ ಬೇಳೆ, ಗೆಡ್ಡೆಗಳನ್ನು ಮೊದಲೇ ಬೇಯಿಸಿರಬೇಕು. ಅದರಲ್ಲೂ ಬೆಂದ ಆಲೂಗಡ್ಡೆಯನ್ನು ಹೆಚ್ಚು ಹೊತ್ತು ತಿರುಗಿಸಿದರೆ ಅದರ ಪಿಷ್ಟ ಹೊರಬಂದು ಇಡೀ ಸೂಪು ಗೋಂದಿನಂತಾಗುತ್ತದೆ.

ಕನ್ನಡದ ಅಡುಗೆಮನೆಯಲ್ಲಿ ಈ ಯಂತ್ರ ಮಿಕ್ಸಿಯ ಸ್ಥಾನವನ್ನು ಕಸಿಯಲಾರದು. ಎರಡು ಲೀಟರಿನ ಜಾರಿನಲ್ಲಿ ಅರ್ಧ ಹೋಳು ಕಾಯಿಯ ಚಟ್ನಿ ಗೋಡೆಗೆ ಅಂಟಿಕೊಂಡು ಸುಳಿಗೆ ಸಿಗದೇ ಹೋಗುತ್ತದೆ, ಒಣ ಮಸಾಲೆಗೂ ಮಿಕ್ಸಿಯ ಚಿಕ್ಕ ಜಾರೇ ಮೇಲು, ತರಿತರಿಯಾಗಿರಬೇಕಾದ ಚಟ್ನಿಗಂತೂ ಅತಿ ನುಣುಪೇ ದೋಷ. ವಾರಕ್ಕೊಮ್ಮೆಯಾದರೂ ಜಾರಿನ ಅರ್ಧದಷ್ಟು ಸ್ಮೂದಿಯನ್ನೋ ಬೀಜದ ಬೆಣ್ಣೆಯನ್ನೋ ಮಾಡುವ ಮನೆಗೆ ಇದರ ದುಬಾರಿ ಬೆಲೆ ಸಾರ್ಥಕ. ಮಿಕ್ಕವರಿಗೆ ಮಿಕ್ಸಿಯೇ ಸಾಕು.