ತುಂಬಿದ ತೋಟ, ಹಸಿದ ಜನ
ಸ್ಟೈನ್‌ಬೆಕ್‌ನ ಕಾದಂಬರಿ ಮತ್ತು ರಾಯಚೂರಿನ ಗುಳೆ

ಬೆಳೆ ಬಾರದಿದ್ದರೆ ಜನ ಹಸಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಬೆಳೆ ತುಂಬಿ ಬಂದಾಗಲೂ ಜನ ಹಸಿಯುವುದೇಕೆ? ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದಿ ಗ್ರೇಪ್ಸ್ ಆಫ್ ರಾತ್’, ಎಂದರೆ ಕ್ರೋಧದ ದ್ರಾಕ್ಷಿ, ಎತ್ತುವ ಪ್ರಶ್ನೆ ಇದು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಕೃತಿಯನ್ನು ಸಾಮಾನ್ಯವಾಗಿ ಬರಗಾಲದ ಕಾದಂಬರಿ ಎನ್ನುತ್ತಾರೆ. ಆದರೆ ಎರಡು ನದಿಗಳ ನಡುವೆ ಇದ್ದೂ ಗುಳೆ ಹೋಗುವವರ ಜಿಲ್ಲೆಯಾದ ರಾಯಚೂರಿನಿಂದ ನೋಡಿದರೆ, ಇದು ಬರಕ್ಕಿಂತ ಹೆಚ್ಚಾಗಿ ಸಮೃದ್ಧಿಯ ಕಥೆ ಎಂಬುದು ಹೊಳೆಯುತ್ತದೆ.

ಒಕ್ಲಹೋಮದ ಜೋಡ್ ಕುಟುಂಬದ ಜಮೀನನ್ನು ಧೂಳು ಮುಚ್ಚುತ್ತದೆ, ಉಳಿದದ್ದನ್ನು ಬ್ಯಾಂಕು ಕಸಿಯುತ್ತದೆ. ಮನೆ ಕೆಡವಲು ಟ್ರ್ಯಾಕ್ಟರ್ ತರುವವನು ಪರಿಚಯದ ರೈತನ ಮಗನೇ. ದಿನಕ್ಕೆ ಮೂರು ಡಾಲರ್ ಕೂಲಿ ಅವನನ್ನು ಆ ಕಡೆಗೆ ಸೇರಿಸಿದೆ. ಕರಪತ್ರ ನಂಬಿ ಕುಟುಂಬ ಕ್ಯಾಲಿಫೋರ್ನಿಯಕ್ಕೆ ಹೊರಡುತ್ತದೆ. 800 ಕೂಲಿಗಳು ಬೇಕಾದವನು 5,000 ಕರಪತ್ರ ಅಚ್ಚು ಹಾಕಿಸಿರುತ್ತಾನೆ. ಜನ ಹೆಚ್ಚು ಬಂದಷ್ಟೂ ಕೂಲಿ ಇಳಿಯುತ್ತದೆ ಎಂಬುದು ಲೆಕ್ಕ.

ಇಲ್ಲಿಂದ ಸಂಕೇತಗಳು ತಿರುವು ಪಡೆಯುತ್ತವೆ. ಕ್ಯಾಲಿಫೋರ್ನಿಯದ ದ್ರಾಕ್ಷಿಯ ಗೊಂಚಲನ್ನು ಮುಖಕ್ಕೆ ಹಿಂಡಿಕೊಳ್ಳುವ ಕನಸು ಕಂಡ ಅಜ್ಜ ದಾರಿಯಲ್ಲೇ ಸಾಯುತ್ತಾನೆ. ತಲುಪಿದವರ ಕಣ್ಣೆದುರೇ, ಬೆಲೆ ಬೀಳಬಾರದೆಂದು ಕಿತ್ತಳೆ ರಾಶಿಗೆ ಸೀಮೆಎಣ್ಣೆ ಸುರಿಯುತ್ತಾರೆ. ಆಲೂಗಡ್ಡೆಯನ್ನು ನದಿಗೆ ಎಸೆದು, ಯಾರೂ ಎತ್ತಿಕೊಳ್ಳದಂತೆ ಕಾವಲು ನಿಲ್ಲಿಸುತ್ತಾರೆ. ಆಸೆಯ ಹಣ್ಣು ಹೀಗೆ ಕ್ರೋಧದ ಹಣ್ಣಾಗುತ್ತದೆ. ಧೂಳಿನಿಂದ ಆರಂಭವಾದ ಕಥೆ ಪ್ರವಾಹದಲ್ಲಿ ಮುಗಿಯುತ್ತದೆ. ಬಡವನಿಗೆ ನೀರು ಬಾರದಿದ್ದರೂ ಕಷ್ಟ, ಬಂದರೂ ಕಷ್ಟ.

ಪ್ರವಾದಿ ಮೂಸಾ ಅವರ ಕಥೆ ಬಲ್ಲ ಓದುಗರಿಗೆ ಇನ್ನೊಂದು ಸಂಕೇತ ಬೇಗ ತಟ್ಟುತ್ತದೆ. ಅಲ್ಲಿ ನೀರಿಗೆ ಬಿಟ್ಟ ಶಿಶು ಬದುಕಿ, ಮುಂದೆ ಒಂದು ಜನಾಂಗವನ್ನೇ ದಾಸ್ಯದಿಂದ ಬಿಡಿಸಿತು. ಇಲ್ಲಿ ಸತ್ತೇ ಹುಟ್ಟಿದ ಶಿಶುವನ್ನು ಸೇಬಿನ ಪೆಟ್ಟಿಗೆಯಲ್ಲಿಟ್ಟು, ಊರಿನವರು ನೋಡಲಿ ಎಂದು ಪ್ರವಾಹಕ್ಕೆ ಬಿಡುತ್ತಾರೆ. ವಾಗ್ದತ್ತ ನಾಡು ಸಿಕ್ಕಿತು, ವಾಗ್ದಾನ ಮಾತ್ರ ಸುಳ್ಳಾಯಿತು.

ಈಗ ನಮ್ಮ ದೋಆಬಿಗೆ ಬರೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಆದರೆ ಕೊನೆಭಾಗದ ಹೊಲಗಳಿಗೆ ನೀರು ತಲುಪುವಾಗ ಬೆಳೆ ಬಾಡಿರುತ್ತದೆ. ರಾಯಚೂರು ನಗರದ ಮಾರುಕಟ್ಟೆಗೆ ಹತ್ತಿ ರಾಶಿರಾಶಿಯಾಗಿ ಬರುತ್ತದೆ, ಗಿರಣಿಗಳಿಗೆ ಭತ್ತ ಬರುತ್ತದೆ. ಅದೇ ನಗರದ ಮೂಲಕವೇ ಹಾಸಿಗೆ, ಪಾತ್ರೆ, ಮಕ್ಕಳ ಸಮೇತ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. 2009ರಲ್ಲಿ ಮುಂಗಾರು ಕೈಕೊಟ್ಟ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಪ್ರವಾಹ ಬಂತು. ಸ್ಟೈನ್‌ಬೆಕ್‌ನ ಮೊದಲ ಮತ್ತು ಕೊನೆಯ ಅಧ್ಯಾಯಗಳನ್ನು ಈ ಸೀಮೆ ಒಂದೇ ವರ್ಷದಲ್ಲಿ ಕಂಡಿತು. ಹತ್ತಿ ಬಿಡಿಸಲು ಬಂದವನಿಂದ ಚೀಲದ ಬೆಲೆಯನ್ನೂ ಮುರಿದುಕೊಳ್ಳುವ, ತಕ್ಕಡಿಯಲ್ಲಿ ಮೋಸ ಮಾಡುವ ಕಾದಂಬರಿಯ ಪುಟಗಳಿಗೆ ಇಲ್ಲಿ ಟಿಪ್ಪಣಿ ಬೇಕಿಲ್ಲ.

ಆದರೆ ಹೋಲಿಕೆ ಇಷ್ಟಕ್ಕೇ ನಿಂತರೆ ಅದು ಅಗ್ಗದ ಹೋಲಿಕೆಯಾಗುತ್ತದೆ. ಕಾದಂಬರಿಯಲ್ಲಿ ‘ಕ್ಯಾಂಪ್’ ಎಂದರೆ ನೆಲ ಕಳೆದುಕೊಂಡವರ ತಂಗುದಾಣ. ಮಾನ್ವಿ, ಸಿಂಧನೂರು ಕಡೆ ‘ಕ್ಯಾಂಪ್’ ಎಂದರೆ, ಕಾಲುವೆ ಬಂದಾಗ ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡು ನೆಲೆಸಿದವರ ಊರು. ಅಲ್ಲಿ ವಲಸೆ ಬಂದವನು ಕೂಲಿಯಾದ; ಇಲ್ಲಿ ವಲಸೆ ಬಂದವನು ಗದ್ದೆಯ ಒಡೆಯನಾದ, ನೆಲ ಮಾರಿದವನು ವಲಸೆ ಹೋದ. ಹಾಗೆಂದು ಬಂದವರನ್ನು ದೂರುವುದು ಸುಲಭದ ದಾರಿ. ನೀರಾವರಿಯ ಬೇಸಾಯಕ್ಕೆ ಬೇಕಾದ ಬಂಡವಾಳ, ಸಾಲ, ತಿಳಿವಳಿಕೆ ಸ್ಥಳೀಯ ಒಣಬೇಸಾಯಗಾರನಿಗೆ ಏಕೆ ಸಿಗಲಿಲ್ಲ ಎಂದು ಕೇಳುವುದು ಕಷ್ಟದ ದಾರಿ. ಸ್ಟೈನ್‌ಬೆಕ್ ಹಿಡಿದದ್ದು ಈ ಎರಡನೆಯದನ್ನು. ಅವನ ಕಾದಂಬರಿಯಲ್ಲಿ ‘ನನ್ನನ್ನು ಹೊರಗಟ್ಟಿದವನು ಯಾರು’ ಎಂದು ಬಂದೂಕು ಹಿಡಿದು ಕೇಳುವ ರೈತನಿಗೆ ಗುಂಡು ಹಾರಿಸಲು ಒಬ್ಬ ಮನುಷ್ಯನೂ ಸಿಗುವುದಿಲ್ಲ. ಒಂದು ಬ್ಯಾಂಕಿನ ಹಿಂದೆ ಇನ್ನೊಂದು ಬ್ಯಾಂಕು ಇರುತ್ತದೆ.

ಲೇಖಕನಿಗೂ ಕುರುಡುಚುಕ್ಕೆಗಳಿವೆ. ಈ ನೆಲಕ್ಕಾಗಿ ಅಜ್ಜ ಇಂಡಿಯನ್ನರನ್ನು ಕೊಂದು ಓಡಿಸಿದ್ದ ಎಂದು ಒಕ್ಕಲುಗಳೇ ಹೆಮ್ಮೆಯಿಂದ ಹೇಳುತ್ತಾರೆ. ನೆಲ ಕಳೆದುಕೊಂಡವನು ಹಿಂದೆ ನೆಲ ಕಸಿದವನೂ ಹೌದು ಎಂಬ ಈ ವ್ಯಂಗ್ಯವನ್ನು ಕಾದಂಬರಿ ಮುಟ್ಟಿ ಮುಂದೆ ಸಾಗುತ್ತದೆ. ಅದೇ ತೋಟಗಳಲ್ಲಿ ದುಡಿದ ಮೆಕ್ಸಿಕನ್, ಫಿಲಿಪಿನೋ ಕೂಲಿಗಳು ಕಥೆಯ ನಡುವೆ ಬರುವುದೇ ಇಲ್ಲ.

ಆದರೂ ಒಂದು ವಿಷಯದಲ್ಲಿ ಅವನ ಕಿವಿ ಸೂಕ್ಷ್ಮ. ‘ಓಕಿ’ ಎಂದರೆ ಮೊದಲು ಒಕ್ಲಹೋಮದವನು ಎಂದಷ್ಟೇ ಅರ್ಥವಿತ್ತು. ಕ್ಯಾಲಿಫೋರ್ನಿಯದಲ್ಲಿ ಅದು ಬೈಗುಳವಾಯಿತು. ಊರಿನ ಹೆಸರು ಬೈಗುಳವಾದ ಮೇಲೆ ಕೂಲಿ ಇಳಿಸುವುದು, ಗುಡಿಸಲು ಸುಡುವುದು ಸುಲಭ. ಬೆಂಗಳೂರಿನ ಶೆಡ್ಡುಗಳಲ್ಲಿ ‘ರಾಯಚೂರು ಕಡೆಯವರು’ ಎಂಬ ಮಾತನ್ನು ಯಾವ ಧ್ವನಿಯಲ್ಲಿ ಆಡುತ್ತಾರೆ? ರಾಯಚೂರಿನ ನಾವು ನಮ್ಮದೇ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತ ದೇವದುರ್ಗದ ಕುಟುಂಬವನ್ನು ಯಾವ ಹೆಸರಿನಿಂದ ಕರೆಯುತ್ತೇವೆ?

ಕೊನೆಯ ಪುಟದಲ್ಲಿ, ಮಗುವನ್ನು ಕಳೆದುಕೊಂಡ ತಾಯಿ ಹಸಿವಿನಿಂದ ಸಾಯುತ್ತಿರುವ ಅಪರಿಚಿತನಿಗೆ ಎದೆಹಾಲು ಕೊಡುತ್ತಾಳೆ. ಅನೇಕರಿಗೆ ಈ ದೃಶ್ಯ ಅತಿರೇಕ ಎನಿಸಿದೆ. ಆದರೆ ಕಿತ್ತಳೆಗೆ ಸೀಮೆಎಣ್ಣೆ ಸುರಿದ ಪುಟವನ್ನು ಪಕ್ಕದಲ್ಲಿಟ್ಟು ಓದಿ. ಎಲ್ಲ ಇದ್ದವರು ಕೊಡಲಿಲ್ಲ, ಏನೂ ಇಲ್ಲದವಳು ಕೊಟ್ಟಳು. ಇವೆರಡರಲ್ಲಿ ಅತಿರೇಕ ಯಾವುದು ಎಂಬುದನ್ನು ಓದುಗರೇ ನಿರ್ಧರಿಸಲಿ.