ಆಧಿಕ್ಯ ಮತ್ತು ಪರ್ಯಾಪ್ತಿ: ಇಂಗ್ಲೀಷಿನ ಎರಡು ಅವ್ಯಯಗಳ ಕನ್ನಡ ವಿವರಣೆ

ಇಂಗ್ಲೀಷು ವ್ಯಾಕರಣವನ್ನು ಕನ್ನಡದ ಮೂಲಕ ಬೋಧಿಸುವಲ್ಲಿ ‘ಟೂ’, ‘ಎನಫ್’ ಎಂಬೆರಡು ಅವ್ಯಯಗಳಿಗೆ ಹೇಳಲ್ಪಡುವ ಅರ್ಥವು ವಿಚಾರಾರ್ಹವಾದುದು. ಮೊದಲನೆಯದು ಆಧಿಕ್ಯವಾಚಕ, ಎರಡನೆಯದು ಪರ್ಯಾಪ್ತಿವಾಚಕ. ಪಾಠಶಾಲೆಗಳಲ್ಲಿ ‘ಟೂ’ ಎಂದರೆ ‘ಬಹಳ’, ‘ಎನಫ್’ ಎಂದರೆ ‘ಸಾಕಷ್ಟು’ ಎಂದು ಬಾಯಿಪಾಠ ಮಾಡಿಸುವ ರೂಢಿಯುಂಟು. ಇವುಗಳಲ್ಲಿ ಮೊದಲನೆಯದು ತಪ್ಪು. ಎರಡನೆಯದು ಸರಿಯಾಗಿದ್ದರೂ ಕೆಡುತ್ತ ಬಂದಿದೆ.

‘ಬಹಳ’ ಎಂಬುದು ಕೇವಲ ಪರಿಮಾಣವನ್ನು ಹೇಳುತ್ತದೆ. ಅದಕ್ಕೆ ಸಮನಾದುದು ‘ವೆರಿ’. ‘ಟೂ’ ಎಂಬುದಾದರೋ ಒಂದು ಎಲ್ಲೆಯನ್ನು ಅಪೇಕ್ಷಿಸಿ, ಅದರ ಉಲ್ಲಂಘನವನ್ನು ಹೇಳುತ್ತದೆ. ಕಾಯಿಸಿದ ಹಾಲಿಗೆ ಬಿದ್ದ ನಿಂಬೆಯ ರಸವು ನಾಲ್ಕೇ ಹನಿಯಾದರೂ ಹಾಲಿನ ಮಟ್ಟಿಗೆ ಅದು ‘ಟೂ’ ಆಗಬಹುದು; ಅದನ್ನು ‘ಬಹಳ’ ಎಂದು ಯಾರೂ ಹೇಳರು. ಈ ಎಲ್ಲೆಯ ವಿಷಯವು ಸಂಸ್ಕೃತ ವೈಯಾಕರಣರಿಗೆ ಹೊಸದಲ್ಲ. ಪಾಣಿನಿಯು ‘ಅತಿ’ ಶಬ್ದಕ್ಕೆ ಅತಿಕ್ರಮಣಾರ್ಥದಲ್ಲಿ ಕರ್ಮಪ್ರವಚನೀಯಸಂಜ್ಞೆಯನ್ನು ವಿಧಿಸಿದ್ದಾನೆ (1.4.95), ಆದಕಾರಣ ಮೀರಲ್ಪಟ್ಟದ್ದು ದ್ವಿತೀಯಾ ವಿಭಕ್ತಿಯಲ್ಲಿ ನಿಲ್ಲುತ್ತದೆ. ಪರ್ಯಾಪ್ತ್ಯರ್ಥದ ‘ಅಲಂ’ ಶಬ್ದಕ್ಕಾದರೋ ಚತುರ್ಥಿ (2.3.16), ಪರ್ಯಾಪ್ತಿವಾಚಕಗಳು ಉಪಪದವಾದಾಗ ಧಾತುವಿಗೆ ‘ತುಮುನ್’ ಪ್ರತ್ಯಯ (3.4.66). ‘ಎನಫ್’ ಶಬ್ದವೂ ‘ಫಾರ್’ ಎಂಬ ಸಂಪ್ರದಾನವನ್ನೂ ‘ಟು’ ಎಂಬ ತುಮುನ್ನಂತದ ಸಮಾನರೂಪವನ್ನೂ ಬಯಸುವುದನ್ನು ನೋಡಿದರೆ, ಸಂಸ್ಕೃತವನ್ನು ಬಲ್ಲ ವಿದ್ಯಾರ್ಥಿಗೆ ಈ ಪ್ರಕರಣವು ಅರ್ಧ ತಿಳಿದಂತೆಯೇ ಸರಿ.

ಕನ್ನಡದ ಕ್ರಮವು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ‘ಹುಡುಗಿ ಎತ್ತುವಷ್ಟು ಹಗುರವಾದ ಕೊಡ’, ‘ಹುಡುಗಿ ಎತ್ತಲಾರದಷ್ಟು ಭಾರವಾದ ಕೊಡ’ ಎಂಬ ಪ್ರಯೋಗಗಳನ್ನು ಪರಿಶೀಲಿಸಬೇಕು. ಇಂಗ್ಲೀಷು ಎರಡು ಬೇರೆ ಶಬ್ದಗಳಿಂದ, ಅವನ್ನು ಗುಣವಾಚಕದ ಹಿಂದೊಂದು ಮುಂದೊಂದಾಗಿ ಇಟ್ಟು, ಹೇಳುವುದನ್ನು ಕನ್ನಡವು ‘ಅಷ್ಟು’ ಎಂಬ ಒಂದೇ ಪರಿಮಾಣವಾಚಕದಿಂದ ಹೇಳುತ್ತದೆ. ವಿಧಿರೂಪದ ಕೃದಂತಕ್ಕೆ ಸೇರಿದರೆ ಪರ್ಯಾಪ್ತಿ, ನಿಷೇಧರೂಪಕ್ಕೆ ಸೇರಿದರೆ ಆಧಿಕ್ಯ. ಒಂದು ಕ್ರಿಯೆಯನ್ನು ತಡೆಯಲು ಸಾಕಾಗುವ ಪರಿಮಾಣವೇ ಆಧಿಕ್ಯ ಎಂಬ ತತ್ತ್ವವು ಇಲ್ಲಿ ತಾನಾಗಿ ಹೊರಪಡುತ್ತದೆ. ರೆನ್ ಮತ್ತು ಮಾರ್ಟಿನರ ವ್ಯಾಕರಣದ ವಾಕ್ಯಪರಿವರ್ತನ ಪ್ರಕರಣವೂ ‘ಟೂ’ ಶಬ್ದವನ್ನು ತೆಗೆದು ‘ಸೋ’, ‘ದಟ್’, ‘ನಾಟ್’ಗಳಿಂದ ವಾಕ್ಯವನ್ನು ಕಟ್ಟಲು ಕಲಿಸುತ್ತದೆ. ಆ ಸೂತ್ರವು ನಿರ್ದುಷ್ಟವಾದುದು. ಅದನ್ನು ಕನ್ನಡಿಸುವವರು ‘ಕೊಡವು ಬಹಳ ಭಾರವಾಗಿದೆ, ಆದುದರಿಂದ ಹುಡುಗಿ ಎತ್ತಲಾರಳು’ ಎಂದು ಒಂದು ವಾಕ್ಯವನ್ನು ಎರಡಾಗಿ ಸೀಳಿದುದೇ ದೋಷ. ಇದರಲ್ಲಿ ಕಾರಣವು ಉಳಿಯಿತು, ಅಳತೆ ಹೋಯಿತು.

ಎಲ್ಲೆಯನ್ನು ಬಾಯಿಬಿಟ್ಟು ಹೇಳದಿರುವಲ್ಲಿ ಹೇಗೆ? ಅಡುಗೆಮನೆಯಲ್ಲಿ ‘ಉಪ್ಪು ಹೆಚ್ಚಾಯಿತು’ ಎಂಬ ಮಾತೂ, ಅಂಗಿಯನ್ನು ತೊಡಿಸಿ ನೋಡಿದವರ ‘ಇವನಿಗೆ ದೊಡ್ಡದಾಯಿತು’ ಎಂಬ ಮಾತೂ ಇದಕ್ಕೆ ಉತ್ತರ. ‘ಅಂಗಿ ದೊಡ್ಡದು’ ಎಂದರೆ ಅಂಗಿಯ ವರ್ಣನೆ. ‘ಅಂಗಿ ಇವನಿಗೆ ದೊಡ್ಡದಾಯಿತು’ ಎಂದರೆ ಮೈಗೂ ಅಂಗಿಗೂ ಇರುವ ಸಂಬಂಧ. ‘ಆಗು’ ಧಾತುವೂ ಚತುರ್ಥಿಯೂ ಕೂಡಿ ‘ಟೂ’ ಶಬ್ದದ ಕೆಲಸವನ್ನು ಲೋಪವಿಲ್ಲದೆ ಮಾಡುತ್ತವೆ. ಮನೆಮನೆಯಲ್ಲಿರುವ ಈ ಪ್ರಯೋಗವನ್ನು ಬಿಟ್ಟು ‘ತೀರ’, ‘ಅತ್ಯಂತ’ಗಳ ಬೆನ್ನು ಹತ್ತುವುದೇಕೋ ತಿಳಿಯದು.

ಈ ವಿವೇಚನೆಗೆ ಬೀದರ ಸೀಮೆಗಿಂತ ಒಳ್ಳೆಯ ಪರೀಕ್ಷಾಸ್ಥಾನವು ದೊರೆಯುವುದು ಕಷ್ಟ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆಯಲ್ಲಿ ಭಾಷೆಗಳು ಒಂದರೊಡನೊಂದು ಹೆಣೆದುಕೊಂಡಿವೆ. ಬೀದರ ನಗರದ ಪೇಟೆಯಲ್ಲಿ ಬಡಿಸುವವನ ಕೈಯನ್ನು ತಡೆಯಲು ದಖನಿಯ ‘ಬಸ್’ ಸಾಕು. ಭಾಲ್ಕಿಯ ಕಡೆ ಮರಾಠಿಯ ‘ಪುರೇ’ ಕೇಳಬರುತ್ತದೆ. ಮಹಾರಾಷ್ಟ್ರ, ತೆಲಂಗಾಣಗಳೆರಡರ ಗಡಿಗೂ ತಾಗಿದ ಔರಾದಿನಲ್ಲಿ ಮರಾಠಿಯ ಜತೆಗೆ ತೆಲುಗಿನ ‘ಚಾಲು’ ಸಹ ಅಪರಿಚಿತವಲ್ಲ. ಇವುಗಳಲ್ಲಿ ‘ಚಾಲು’ ನಮ್ಮ ‘ಸಾಲ್’ ಧಾತುವಿನ ಒಡಹುಟ್ಟು. ಆ ಧಾತುವಿನ ‘ಸಾಲ್ಕುಂ’ ರೂಪವೇ ಸವೆದು ‘ಸಾಕು’ ಆಯಿತು, ‘ಬೇಳ್ಕುಂ’ ಎಂಬುದು ‘ಬೇಕು’ ಆದಂತೆ. ಪರ್ಯಾಪ್ತಿಗೆ ಹೀಗೆ ಎಲ್ಲ ಭಾಷೆಗಳಲ್ಲಿಯೂ ಗಟ್ಟಿಯಾದ ಶಬ್ದವುಂಟು. ಆಧಿಕ್ಯಕ್ಕೆ ಮಾತ್ರ ಮರಾಠಿಯ ‘ಫಾರ್’, ದಖನಿಯ ‘ಭೋತ್’, ಕನ್ನಡದ ‘ಭಾಳ’ ಇವು ಪರಿಮಾಣವನ್ನು ಹೇಳುವ ಶಬ್ದಗಳೇ. ಎಲ್ಲೆಯು ಸಂದರ್ಭದಿಂದ ತಿಳಿಯತಕ್ಕದ್ದು. ಆದುದರಿಂದಲೇ ಮಾವಿನ ಹಣ್ಣನ್ನು ಹೊಗಳಹೊರಟ ವಿದ್ಯಾರ್ಥಿಯು ‘ಟೂ ಸ್ವೀಟ್’ ಎಂದು ಬರೆದು ಅದನ್ನು ತೆಗಳಿಬಿಡುತ್ತಾನೆ. ಮೂರು ಭಾಷೆಗಳನ್ನು ಆಡಬಲ್ಲ ಆ ಬಾಲಕನಲ್ಲಿ ಭಾವದ ಕೊರತೆಯಿಲ್ಲ. ಅವನ ಮನೆಯ ‘ದೊಡ್ಡದಾಯಿತು’ ಎಂಬುದನ್ನು ಯಾರೂ ಅವನಿಗೆ ತೋರಿಸಿಕೊಟ್ಟಿಲ್ಲ, ಅಷ್ಟೆ.

ಇದು ಕೇವಲ ಶಬ್ದವಿಚಾರವೆಂದು ತಳ್ಳಿಬಿಡುವಂತಿಲ್ಲ. ತೊಗರಿ, ಉದ್ದು, ಹೆಸರುಗಳನ್ನು ಬಿತ್ತುವ ಈ ನಾಡಿನಲ್ಲಿ ‘ಮಳೆ ಬಹಳವಾಯಿತು’ ಎಂದು ಬರೆದರೆ ಅದು ಆಕಾಶದ ವರದಿ. ‘ಉದ್ದು ಕೊಳೆಯುವಷ್ಟು ಮಳೆಯಾಯಿತು’ ಎಂದರೆ ಹೊಲದ ವರದಿ. ಪರಿಹಾರವನ್ನು ಬೇಡುವ ಅರ್ಜಿಯಲ್ಲಿ ಬೇಕಾದುದು ಎರಡನೆಯದು.

ಇನ್ನು ‘ಸಾಕಷ್ಟು’ ಎಂಬುದರ ಗತಿ. ‘ಸಾಕು’, ‘ಅಷ್ಟು’ ಎಂಬೆರಡು ಸೇರಿ, ಬೇಕಾದುದಕ್ಕೆ ಕಡಮೆಯಾಗದ ಪರಿಮಾಣವನ್ನು ಹೇಳಬೇಕಾಗಿದ್ದ ಈ ಪದವು ಈಗಿನ ಪತ್ರಿಕೆಗಳಲ್ಲಿ ‘ಬಹಳ’ ಎಂಬುದಕ್ಕೆ ಪರ್ಯಾಯವಾಗಿದೆ. ‘ನೆರೆಯಿಂದ ಸಾಕಷ್ಟು ಹಾನಿಯಾಯಿತು’ ಎಂದು ಬರೆಯುವವರು, ಯಾರಿಗೆ ಎಷ್ಟು ಹಾನಿ ಬೇಕಾಗಿತ್ತೆಂಬುದನ್ನು ಯೋಚಿಸಿದಂತೆ ಕಾಣುವುದಿಲ್ಲ. ‘ಸಾಕುಸಾಕಾಯಿತು’ ಎಂಬ ದ್ವಿರುಕ್ತಿಯಲ್ಲಿ ಪರ್ಯಾಪ್ತಿಯೇ ಬೇಸರವಾಗಿ ಆಧಿಕ್ಯಕ್ಕೆ ತಿರುಗುವುದುಂಟು. ಸಂಸ್ಕೃತದ ‘ಅಲಂ’ ಶಬ್ದವೂ ತೃತೀಯೆಯೊಡನೆ ಸೇರಿ ನಿಷೇಧಾರ್ಥವನ್ನು ಪಡೆಯುವುದು ಇದೇ ಮಾರ್ಗದಿಂದ. ಆದರೆ ಆ ಪರಿಣಾಮದಲ್ಲಿ ಎಲ್ಲೆಯು ಅಳಿಯುವುದಿಲ್ಲ, ಎಲ್ಲೆಯನ್ನು ಮುಟ್ಟಿದುದೇ ಅಲ್ಲಿಯ ಅರ್ಥ. ‘ಸಾಕಷ್ಟು ಹಾನಿ’ಯಲ್ಲಿ ಎಲ್ಲೆಯೇ ಇಲ್ಲ. ಇಂಗ್ಲೀಷಿನ ‘ಎನಫ್’ ಶಬ್ದಕ್ಕೆ ಇದನ್ನೇ ಅರ್ಥವೆಂದು ಕಲಿತ ವಿದ್ಯಾರ್ಥಿಯು ಆ ಭಾಷೆಯಲ್ಲಿಯೂ ‘ಎನಫ್ ಲಾಸ್’ ಎಂದು ಬರೆದರೆ ತಿದ್ದಬೇಕಾದುದು ಮೊದಲು ಅವನ ಕನ್ನಡವನ್ನು.